ರಿಯೋಹದ ಕೆಂಪು ವೈನು: ಪೀಪಾಯಿಯ ದಾರಿ, ಒಲೆಯ ದಾರಿ

ಸ್ಪೇನ್ ದೇಶದ ಉತ್ತರ ಭಾಗದಲ್ಲಿ ಕಾಂತಾಬ್ರಿಯಾ ಬೆಟ್ಟಸಾಲಿಗೂ ದೆಮಾಂದಾ ಬೆಟ್ಟಸಾಲಿಗೂ ನಡುವೆ ಎಬ್ರೊ ನದಿ ಪೂರ್ವಾಭಿಮುಖವಾಗಿ ಹರಿಯುವ ಕಣಿವೆ ರಿಯೋಹ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಉತ್ತರದ ಬೆಟ್ಟಗಳು ಅಟ್ಲಾಂಟಿಕ್ ಸಾಗರದಿಂದ ಬರುವ ಮಳೆಗಾಳಿಯನ್ನು ಬಹುಮಟ್ಟಿಗೆ ತಡೆಯುವುದರಿಂದಲೂ, ಕಣಿವೆ ಕೆಳಗಿಳಿದಂತೆ ಮೆಡಿಟರೇನಿಯನ್ ಸೀಮೆಯ ಒಣ ಬಿಸಿಲು ಏರುತ್ತ ಹೋಗುವುದರಿಂದಲೂ ಇಲ್ಲಿ ದ್ರಾಕ್ಷಿ ಚೆನ್ನಾಗಿ ಬೆಳೆಯುತ್ತದೆ. ಪಶ್ಚಿಮದ ಎತ್ತರದ ಭಾಗ ರಿಯೋಹ ಆಲ್ತಾ, ನದಿಯ ಉತ್ತರ ದಂಡೆಯ ಬಾಸ್ಕ್ ಸೀಮೆ ರಿಯೋಹ ಅಲವೇಸಾ, ಪೂರ್ವದ ಬಿಸಿಲು ಭಾಗ ರಿಯೋಹ ಓರಿಯೆಂತಾಲ್ ಎಂದು ಮೂರು ಉಪವಿಭಾಗಗಳಿವೆ. ಈ ಸೀಮೆಯ ಕೆಂಪು ವೈನನ್ನು ಕುರಿತು ಬರೆಯುವವರು, ಒಂದೇ ಮಣ್ಣಿನಲ್ಲಿ ಹುಟ್ಟಿದ ವೈನೂ ಊಟವೂ ತಾನಾಗಿಯೇ ಒಂದಕ್ಕೊಂದು ಒಗ್ಗುತ್ತವೆ ಎಂದು ಹೇಳುವುದು ವಾಡಿಕೆ. ಆ ಮಾತಿನಲ್ಲಿ ಸತ್ಯವಿದೆ, ಆದರೆ ಅರ್ಧ ಮಾತ್ರ. ರಿಯೋಹದ ಹೆಸರನ್ನು ಜಗತ್ತಿಗೆ ಪರಿಚಯಿಸಿದ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ ವೈನು ರೂಪುಗೊಂಡದ್ದು ದೂರದ ಮಾರುಕಟ್ಟೆಗಾಗಿ. ಅದರ ಜೊತೆಗೆ ಇಂದು ಬಡಿಸುವ ಊಟ ರೂಪುಗೊಂಡದ್ದು ಹೊಲ, ತೋಟ ಮತ್ತು ಕುರಿಹಟ್ಟಿಗಳಲ್ಲಿ ದುಡಿಯುವವರ ಒಲೆಯ ಮೇಲೆ, ಬೇರೆಯೇ ಒಂದು ವೈನಿನ ಸಹವಾಸದಲ್ಲಿ.

ಆ ಹಳೆಯ ವೈನು ತಯಾರಾಗುತ್ತಿದ್ದ ಕ್ರಮವನ್ನು ಮೊದಲು ತಿಳಿಯಬೇಕು. ಕೊಯ್ದು ತಂದ ಗೊಂಚಲುಗಳನ್ನು ಹಣ್ಣು ಬಿಡಿಸದೆ, ಕಾವಿನ ಸಮೇತ, ಲಗಾರ್ ಎಂದು ಕರೆಯುವ ಕಲ್ಲಿನ ತೆರೆದ ತೊಟ್ಟಿಗಳಿಗೆ ಸುರಿಯುತ್ತಿದ್ದರು. ಮೇಲಿನ ಭಾರಕ್ಕೆ ತಳದ ಹಣ್ಣುಗಳು ಒಡೆದು ರಸ ಹುದುಗಲು ತೊಡಗಿದಾಗ ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನು ತುಂಬಿಕೊಳ್ಳುತ್ತಿತ್ತು. ಗಾಳಿಯಿಲ್ಲದ ಆ ಸ್ಥಿತಿಯಲ್ಲಿ ಮೇಲಿನ ಒಡೆಯದ ಹಣ್ಣುಗಳ ಒಳಗೇ, ಯೀಸ್ಟಿನ ನೆರವಿಲ್ಲದೆ, ಹಣ್ಣಿನದೇ ಕಿಣ್ವಗಳಿಂದ ಸಕ್ಕರೆ ಸ್ವಲ್ಪಮಟ್ಟಿಗೆ ಮದ್ಯಸಾರವಾಗಿ ಮಾರ್ಪಡುತ್ತಿತ್ತು. ಕೆಲವು ದಿನಗಳ ನಂತರ ಆಳುಗಳು ತೊಟ್ಟಿಗಿಳಿದು ಕಾಲಿನಿಂದ ತುಳಿದು ಉಳಿದ ರಸವನ್ನು ಬಿಡಿಸುತ್ತಿದ್ದರು. ಈ ವಿಧಾನದಲ್ಲಿ ಸಿಪ್ಪೆ ಮತ್ತು ಬೀಜಗಳ ಟ್ಯಾನಿನ್, ಅಂದರೆ ನಾಲಿಗೆಯನ್ನು ಹಿಡಿದೆಳೆಯುವ ಒಗರಿನ ಅಂಶ, ಮಿತವಾಗಿಯೇ ಇಳಿಯುವುದರಿಂದ ವೈನು ಹಗುರಾಗಿ, ಹಣ್ಣಿನ ಪರಿಮಳದಿಂದ ತುಂಬಿ, ಚಳಿಗಾಲದ ಹೊತ್ತಿಗೆಲ್ಲ ಕುಡಿಯಲು ಸಿದ್ಧವಾಗಿರುತ್ತಿತ್ತು. ಬೆಳೆಗಾರನೇ ತನ್ನ ತೋಟದ ಹಣ್ಣಿನಿಂದ ಮಾಡಿದ್ದೆಂಬ ಕಾರಣಕ್ಕೆ ಇದನ್ನು ಇಂದಿಗೂ ಕೊಸೆಚೆರೊ, ಎಂದರೆ ಸುಗ್ಗಿಗಾರನ ವೈನು, ಎಂದೇ ಕರೆಯುತ್ತಾರೆ.

ಅದರ ದೋಷವೆಂದರೆ ಬಾಳಿಕೆ. ಡಾಂಬರಿನಂಥ ರಾಳ ಬಳಿದ ತೊಗಲಿನ ಬುದ್ದಲಿಗಳಲ್ಲಿ ತುಂಬಿ ಹೇಸರಗತ್ತೆಗಳ ಮೇಲೆ ಬೆಟ್ಟ ದಾಟಿಸುವಷ್ಟರಲ್ಲಿ ವೈನಿಗೆ ರಾಳದ ನಾತ ಹತ್ತುತ್ತಿತ್ತು. ಬೇಸಗೆ ಬಂದರೆ ಹುಳಿಯಾಗುತ್ತಿತ್ತು. ಹೊಸ ಸುಗ್ಗಿಗೆ ಜಾಗ ಮಾಡಿಕೊಳ್ಳಲು ಉಳಿದ ಹಳೆಯ ವೈನನ್ನು ಚೆಲ್ಲಿಬಿಡುತ್ತಿದ್ದರೆಂದೂ, ನೀರಿಗೆ ಬದಲಾಗಿ ಅದರಲ್ಲೇ ಗಾರೆ ಕಲಸುತ್ತಿದ್ದರೆಂದೂ ಹೇಳುವ ಕಥೆಗಳು ಆ ಊರುಗಳಲ್ಲಿ ಧಾರಾಳವಾಗಿವೆ. ಹಾಗೆಂದು ವೈನಿನ ಬಗ್ಗೆ ಜನರಿಗೆ ಕಾಳಜಿಯಿರಲಿಲ್ಲ ಎನ್ನಲಾಗದು. ಲೊಗ್ರೊನ್ಯೊ ಪಟ್ಟಣದ ಬೀದಿಗಳ ಅಡಿಯಲ್ಲಿ ತೋಡಿದ ನೆಲಮಾಳಿಗೆಗಳಲ್ಲಿ ವೈನನ್ನು ಇಡುತ್ತಿದ್ದರು. ಗಾಡಿಗಳ ಅದುರಿಗೆ ಅದು ಕೆಟ್ಟೀತೆಂದು ಹೆದರಿ 1635ರಲ್ಲಿ ಅಲ್ಲಿನ ಪುರಾಧಿಕಾರಿ ಅಂಥ ಬೀದಿಗಳಲ್ಲಿ ಗಾಡಿ ಓಡಿಸುವುದನ್ನೇ ನಿಷೇಧಿಸಿದ್ದನು. ಸಂತಿಯಾಗೊ ಯಾತ್ರೆಯ ಮಾರ್ಗ ಲೊಗ್ರೊನ್ಯೊ, ನಾಹೆರಾ, ಸಾಂತೊ ದೊಮಿಂಗೊ ದೆ ಲಾ ಕಲ್ಸಾದಾ ಊರುಗಳ ಮೂಲಕವೇ ಹಾದುಹೋಗುವುದರಿಂದ ಯಾತ್ರಿಕರೂ ಮಠಗಳೂ ಮಧ್ಯಯುಗದಿಂದಲೇ ಈ ವೈನಿನ ಗಿರಾಕಿಗಳಾಗಿದ್ದರು. ಹದಿಮೂರನೆಯ ಶತಮಾನದ ಕವಿ, ಸಾನ್ ಮಿಲ್ಯಾನ್ ಮಠದ ನಂಟಿನ ಗೊನ್ಸಾಲೊ ದೆ ಬೆರ್ಸೆಯೊ ತನ್ನ ಕಾವ್ಯರಚನೆಗೆ ಸಂಭಾವನೆಯಾಗಿ ಒಂದು ಲೋಟ ಒಳ್ಳೆಯ ವೈನನ್ನು ಬಯಸಿದ್ದನ್ನು ಆ ಸೀಮೆಯವರು ಈಗಲೂ ಹೆಮ್ಮೆಯಿಂದ ನೆನೆಯುತ್ತಾರೆ. ಇಲ್ಲೆಲ್ಲ ಗಮನಿಸಬೇಕಾದ ಸಂಗತಿ ಒಂದಿದೆ: ಯಾವ ಊಟಕ್ಕೆ ಯಾವ ವೈನು ಎಂಬ ಪ್ರಶ್ನೆಯೇ ಆಗ ಹುಟ್ಟಿರಲಿಲ್ಲ. ಊರಿನಲ್ಲಿದ್ದದ್ದು ಒಂದೇ ಬಗೆಯ ವೈನು. ರೊಟ್ಟಿಯಂತೆ ಅದೂ ಊಟದ ಅಂಗವಾಗಿ ಎಲ್ಲ ತಿನಿಸಿನ ಜೊತೆಗೂ ಇರುತ್ತಿತ್ತು.

ಬಾಳಿಕೆಯ ತೊಡಕನ್ನು ಬಿಡಿಸಲು ಮೊದಲು ಯತ್ನಿಸಿದವನು ಲಬಾಸ್ತಿದಾ ಊರಿನ ಪಾದ್ರಿ ಮಾನುಯೆಲ್ ಕಿಂತಾನೊ. 1780ರ ದಶಕದಲ್ಲಿ ಫ್ರಾನ್ಸಿನ ಬೋರ್ದೊ ಪ್ರಾಂತಕ್ಕೆ ಹೋಗಿ, ಓಕ್ ಪೀಪಾಯಿಗಳಲ್ಲಿ ವೈನನ್ನು ಮಾಗಿಸುವ, ತಳದ ಗಷ್ಟನ್ನು ಬಿಟ್ಟು ತಿಳಿಯನ್ನು ಮಾತ್ರ ಇನ್ನೊಂದು ಪೀಪಾಯಿಗೆ ಬಗ್ಗಿಸುವ ಕ್ರಮಗಳನ್ನು ಕಲಿತು ಬಂದ ಅವನು 1795ರಲ್ಲಿ ತನ್ನ ವೈನನ್ನು ಕ್ಯೂಬಾದ ಹವಾನಾಕ್ಕೆ ಕಳುಹಿಸಿದನು; ಸಾಗರಯಾನವನ್ನು ತಾಳಿಕೊಂಡು ಅದು ಕೆಡದೆ ತಲುಪಿತು. ಆದರೆ ಊರಿನಲ್ಲಿ ಅವನಿಗೆ ಎದುರಾದದ್ದು ವಿರೋಧ. ವೈನಿಗೆ ಸ್ಥಳೀಯ ಆಡಳಿತ ಒಂದೇ ಬೆಲೆ ಕಟ್ಟುತ್ತಿದ್ದ ವ್ಯವಸ್ಥೆಯಲ್ಲಿ, ಪೀಪಾಯಿಗೂ ಕಾಯುವಿಕೆಗೂ ಹೆಚ್ಚು ಖರ್ಚು ಮಾಡಿದವನು ಹೆಚ್ಚು ಬೆಲೆ ಕೇಳುವುದು ಉಳಿದ ಬೆಳೆಗಾರರಿಗೆ ಸಹಿಸಲಾಗದ ವಿಷಯವಾಯಿತು. ಕಿಂತಾನೊನ ಸೋಲನ್ನು ಹಳ್ಳಿಗರ ಮೌಢ್ಯವೆಂದು ಚಿತ್ರಿಸುವುದುಂಟು; ಅದು ನ್ಯಾಯವಲ್ಲ. ಒಂದು ವರ್ಷದ ಬೆಳೆಯನ್ನು ಮಾರದೆ ಮೂರು ವರ್ಷ ಇಟ್ಟುಕೊಳ್ಳಬೇಕಾದರೆ ಬಂಡವಾಳ ಬೇಕು, ಸುಗ್ಗಿಯ ಹಣದಲ್ಲೇ ವರ್ಷವಿಡೀ ಸಂಸಾರ ತೂಗಿಸುವವನಿಗೆ ಅದು ಎಲ್ಲಿಂದ ಬರಬೇಕು?

ಬಂಡವಾಳವಿದ್ದವರು ಬಂದದ್ದು ಅರ್ಧ ಶತಮಾನದ ನಂತರ. ಪೆರುವಿನಲ್ಲಿ ಹುಟ್ಟಿ, ಜನರಲ್ ಎಸ್ಪಾರ್ತೆರೊನ ಸಹಾಯಕನಾಗಿ, 1843ರಲ್ಲಿ ಅವನೊಡನೆ ಲಂಡನ್ನಿಗೆ ಗಡಿಪಾರಾಗಿದ್ದ ಲುಸಿಯಾನೊ ದೆ ಮುರ್ರಿಯೆಟಾ, ಸ್ಪೇನಿಗೆ ಮರಳಿದ ಮೇಲೆ ಲೊಗ್ರೊನ್ಯೊದಲ್ಲಿ ಎಸ್ಪಾರ್ತೆರೊನ ಉಗ್ರಾಣದಲ್ಲೇ 1852ರ ವೈನನ್ನು ಬೋರ್ದೊ ಕ್ರಮದಲ್ಲಿ ತಯಾರಿಸಿ ಹೊರದೇಶಕ್ಕೆ ಕಳುಹಿಸಿದನು. ನದಿಯ ಆಚೆ ಎಲ್ಸಿಯೆಗೊ ಗ್ರಾಮದಲ್ಲಿ, ಬೋರ್ದೊದಲ್ಲಿ ಬಹುಕಾಲ ನೆಲೆಸಿದ್ದ ರಿಸ್ಕಾಲ್ ಮಾರ್ಕ್ವಿಸ್ ಕಮಿಲೊ ಉರ್ತಾದೊ ದೆ ಅಮೇಸಾಗಾ ಇದೇ ಕೆಲಸಕ್ಕೆ ಕೈಹಾಕಿದನು. 1862ರಲ್ಲಿ ಆಲವಾ ಪ್ರಾಂತದ ಆಡಳಿತವು ಬೋರ್ದೊದ ಮೆದೋಕ್ ಸೀಮೆಯ ಶಾತೊ ಲಾನೆಸಾನ್‌ನ ಉಗ್ರಾಣಿ ಜಾನ್ ಪಿನೊನನ್ನು ಸಂಬಳ ಕೊಟ್ಟು ಕರೆಸಿ, ಬೆಳೆಗಾರರಿಗೆ ಹೊಸ ಕ್ರಮವನ್ನು ಕಲಿಸಲು ನೇಮಿಸಿತು. ಬೆಳೆಗಾರರಲ್ಲಿ ಹೆಚ್ಚಿನವರು ಖರ್ಚಿಗೆ ಅಂಜಿ ಹಿಂದೆ ಸರಿದರು. ಕೆಲವು ವರ್ಷಗಳಲ್ಲಿ ಆ ಯೋಜನೆ ನಿಂತುಹೋದಾಗ ಪಿನೊನನ್ನು ರಿಸ್ಕಾಲ್ ತನ್ನಲ್ಲೇ ಉಳಿಸಿಕೊಂಡನು. 1895ರ ಬೋರ್ದೊ ವಸ್ತುಪ್ರದರ್ಶನದಲ್ಲಿ ಆ ಮನೆತನದ ವೈನಿಗೆ ಗೌರವ ಪ್ರಶಸ್ತಿ ದೊರೆತ ಮೇಲೆ ನಕಲಿ ಸೀಸೆಗಳ ಹಾವಳಿ ಹೆಚ್ಚಿ, ಬಿರಡೆಯನ್ನು ಕದ್ದು ತೆಗೆಯಲಾಗದಂತೆ ಸೀಸೆಗೆ ಸಣ್ಣ ತಂತಿಯ ಬಲೆ ಹೊದಿಸುವ ಪದ್ಧತಿ ಬಂತು. ಇಂದು ಅಂಗಡಿಗಳಲ್ಲಿ ಕಾಣುವ ಚಿನ್ನದ ಬಣ್ಣದ ಬಲೆ ಕೇವಲ ಅಲಂಕಾರ.

ಇಷ್ಟಾದರೂ ಇವರೆಲ್ಲ ಬೆರಳೆಣಿಕೆಯ ಸಿರಿವಂತರೇ. ಇಡೀ ಸೀಮೆಯನ್ನು ಬದಲಿಸಿದ್ದು ಒಂದು ರೋಗ, ಒಂದು ಕೀಟ ಮತ್ತು ಒಂದು ರೈಲುಮಾರ್ಗ. 1850ರ ದಶಕದಲ್ಲಿ ಬೂದಿ ರೋಗ ಯುರೋಪಿನ ದ್ರಾಕ್ಷಿಯನ್ನು ಬಾಧಿಸಿ ಫ್ರೆಂಚ್ ವ್ಯಾಪಾರಿಗಳು ಸ್ಪೇನಿನತ್ತ ಕಣ್ಣು ಹಾಯಿಸುವಂತೆ ಮಾಡಿತು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಫಿಲಾಕ್ಸೆರಾ ಅದಕ್ಕಿಂತ ಘೋರವಾದದ್ದು: ಅಮೆರಿಕದಿಂದ ತಂದ ಬಳ್ಳಿಗಳೊಡನೆ ಬಂದ ಈ ಸೂಕ್ಷ್ಮ ಕೀಟ ಬೇರಿನ ರಸ ಹೀರಿ, ಗಾಯಗಳ ಮೂಲಕ ಕೊಳೆ ಹತ್ತಿಸಿ, ತೋಟಕ್ಕೆ ತೋಟವನ್ನೇ ಒಣಗಿಸುತ್ತಿತ್ತು. ಬೋರ್ದೊದ ವ್ಯಾಪಾರಿಗಳಿಗೆ ಮಾರಲು ಸಾಕಷ್ಟು ವೈನು ಇಲ್ಲವಾಯಿತು. ಬಿಲ್ಬಾವೊ ಬಂದರನ್ನು ಎಬ್ರೊ ಕಣಿವೆಗೆ ಜೋಡಿಸುವ ರೈಲು 1863ರಲ್ಲಿ ಆರೊ ಪಟ್ಟಣದ ಮೂಲಕ ಹಾದುಹೋಗಿದ್ದರಿಂದ ಅವರು ನೇರವಾಗಿ ಅಲ್ಲಿಗೇ ಬಂದರು. ಪೀಪಾಯಿಗಳಲ್ಲಿ ತುಂಬಿದ ರಿಯೋಹದ ವೈನು ಗಡಿ ದಾಟಿ ಫ್ರೆಂಚ್ ವೈನಿನೊಡನೆ ಬೆರೆಯತೊಡಗಿತು. 1882ರ ಫ್ರಾಂಕೊ-ಸ್ಪ್ಯಾನಿಷ್ ವಾಣಿಜ್ಯ ಒಪ್ಪಂದ ಸುಂಕವನ್ನು ಇಳಿಸಿದ ಮೇಲೆ ಈ ವ್ಯಾಪಾರ ಇಮ್ಮಡಿಸಿತು.

ಆರೊದ ರೈಲುನಿಲ್ದಾಣದ ಸುತ್ತ ಆಗ ಬೆಳೆದ ವೈನು ಉಗ್ರಾಣಗಳ ಪೇಟೆ, ಎಂದರೆ ನಿಲ್ದಾಣದ ಕೇರಿ, ಇಂದಿಗೂ ಹಾಗೆಯೇ ನಿಂತಿದೆ. ಲೋಪೆಸ್ ದೆ ಎರೆದಿಯಾ 1877ರಲ್ಲಿ, ಕೂನೆ ಎಂದು ಜನ ಕರೆಯುವ ಉತ್ತರ ಸ್ಪೇನ್ ವೈನು ಕಂಪನಿ 1879ರಲ್ಲಿ, ಲಾ ರಿಯೋಹ ಆಲ್ತಾ 1890ರಲ್ಲಿ, ಬೊದೆಗಾಸ್ ಬಿಲ್ಬಾಯಿನಾಸ್ 1901ರಲ್ಲಿ ಇಲ್ಲಿ ನೆಲೆಯೂರಿದವು. ತೋಟದ ನಡುವೆ ಕಟ್ಟಬೇಕಾದ ಉಗ್ರಾಣಗಳು ಹಳಿಗಳಿಗೆ ಆತುಕೊಂಡು ಸಾಲಾಗಿ ನಿಂತಿರುವುದನ್ನು ನೋಡಿದರೆ ಅವುಗಳ ಮುಖ ಬಿಲ್ಬಾವೊ ಮತ್ತು ಬೋರ್ದೊ ಕಡೆಗಿತ್ತೇ ಹೊರತು ಊರಿನ ಅಡುಗೆಮನೆಗಳ ಕಡೆಗಲ್ಲ ಎಂಬುದು ಹೊಳೆಯುತ್ತದೆ. ಹಣ ಹರಿದುಬಂದು, 1890ರಲ್ಲೇ ಆರೊದ ಬೀದಿಗಳಿಗೆ ವಿದ್ಯುದ್ದೀಪ ಬಂತು; ಸ್ಪೇನಿನಲ್ಲಿ ಆ ಸೌಲಭ್ಯ ಪಡೆದ ಮೊದಲ ಊರುಗಳಲ್ಲಿ ಅದೂ ಒಂದು. ಆದರೆ ಈ ವ್ಯಾಪಾರದ ಸುಗ್ಗಿ ಹೆಚ್ಚು ಕಾಲ ಉಳಿಯಲಿಲ್ಲ. ಫ್ರೆಂಚರು ಅಮೆರಿಕದ ಬೇರುಗಿಡಗಳಿಗೆ ತಮ್ಮ ಬಳ್ಳಿಯನ್ನು ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿಕೊಂಡು 1892ರಲ್ಲಿ ಸುಂಕ ಏರಿಸಿದರು. 1899ರಲ್ಲಿ ಫಿಲಾಕ್ಸೆರಾ ರಿಯೋಹಕ್ಕೂ ಕಾಲಿಟ್ಟಿತು, ಅಲ್ಲಿಯೂ ಕಸಿಯೇ ಗತಿಯಾಯಿತು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಇಂದು ಬಳಸುವ ಡಾಗ್ರಿಡ್ಜ್ ಬೇರುಗಿಡವೂ ಅಮೆರಿಕದ ಕಾಡುದ್ರಾಕ್ಷಿಯ ಕುಲದ್ದೇ ಆಗಿದ್ದು, ಅಲ್ಲಿ ಅದನ್ನು ತಂದದ್ದು ಮಾತ್ರ ಕೀಟಕ್ಕಲ್ಲದೆ ಉಪ್ಪುನೀರು ಮತ್ತು ಬರವನ್ನು ತಾಳಿಕೊಳ್ಳುವ ಗುಣಕ್ಕಾಗಿ.

ಫ್ರೆಂಚ್ ವ್ಯಾಪಾರದ ಆ ಅವಧಿಯಲ್ಲಿಯೇ ರಿಯೋಹದ ರುಚಿ ಎಂದು ಇಂದು ಜಗತ್ತು ಗುರುತಿಸುವ ರುಚಿ ನೆಲೆಗೊಂಡಿತು. ಬೋರ್ದೊದಿಂದ ಕಲಿತದ್ದು 225 ಲೀಟರಿನ ಪೀಪಾಯಿ. ಆದರೆ ಅದಕ್ಕೆ ಬೇಕಾದ ಮರ ಸ್ಪೇನಿಗೆ ಹೆಚ್ಚಾಗಿ ಬಂದದ್ದು ಅಟ್ಲಾಂಟಿಕ್ ಆಚೆಯಿಂದ. ಅಮೆರಿಕದ ಓಕ್ ಮರ ಫ್ರೆಂಚ್ ಓಕಿಗಿಂತ ಹೆಚ್ಚಾಗಿ ವೆನಿಲಾ ಮತ್ತು ಕೊಬ್ಬರಿಯನ್ನು ನೆನಪಿಸುವ ಪರಿಮಳವನ್ನು ವೈನಿಗೆ ಬಿಟ್ಟುಕೊಡುತ್ತದೆ. ಬೇಗ ಮಾಗುವ ತೆಂಪ್ರಾನಿಯೊ ದ್ರಾಕ್ಷಿ ವೈನಿಗೆ ಮೈಕಟ್ಟನ್ನು ಕೊಟ್ಟರೆ, ಬಿಸಿಲು ಸೀಮೆಯ ಗಾರ್ನಾಚಾ ಮದ್ಯಸಾರ ಮತ್ತು ಮೃದುತ್ವವನ್ನೂ, ಅಲ್ಪ ಪ್ರಮಾಣದಲ್ಲಿ ಸೇರುವ ಗ್ರಾಸಿಯಾನೊ ಮತ್ತು ಮಾಸುಯೆಲೊ ಹುಳಿಯನ್ನೂ ಬಣ್ಣವನ್ನೂ ಒದಗಿಸುತ್ತಿದ್ದವು. ವರ್ಷಗಳ ಕಾಲ ಪೀಪಾಯಿಯ ಹಲಗೆಗಳ ಮೂಲಕ ಒಳನುಸುಳುವ ಅತ್ಯಲ್ಪ ಗಾಳಿ ಟ್ಯಾನಿನ್ನಿನ ಒಗರನ್ನು ತಗ್ಗಿಸುತ್ತಿತ್ತು. ಬಣ್ಣ ಕಡುಗೆಂಪಿನಿಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ತಾಜಾ ಹಣ್ಣಿನ ಕಂಪು ಹಿಂದೆ ಸರಿದು, ಒಣಹಣ್ಣು, ತೊಗಲು ಮತ್ತು ಹೊಗೆಸೊಪ್ಪನ್ನು ಹೋಲುವ ಪರಿಮಳ ಮುಂದೆ ಬರುತ್ತಿತ್ತು.

ಇನ್ನು ಊಟದ ಮಾತು. ಈ ಸೀಮೆಯ ಹೆಸರನ್ನೇ ಹೊತ್ತ ಪತಾತಾಸ್ ಆ ಲಾ ರಿಯೋಹಾನಾ ಎಂಬ ಆಲೂಗಡ್ಡೆಯ ಸಾರು ಪುರಾತನವೆಂಬ ಭಾವನೆ ಸಾಮಾನ್ಯ. ಅದರ ಒಳಗಿರುವ ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಕೊಲಂಬಸನ ನಂತರ ಅಮೆರಿಕದಿಂದ ಬಂದವು. ಮೆಣಸಿನಕಾಯಿ ಬೇಗನೆ ಹರಡಿದರೂ ಆಲೂಗಡ್ಡೆ ಸ್ಪೇನಿನ ಬಡವರ ದಿನದ ಊಟವಾದದ್ದು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ. ಆದ್ದರಿಂದ ಈ ಅಡುಗೆ ಕಿಂತಾನೊನ ಪೀಪಾಯಿಗಿಂತ ಹೆಚ್ಚು ಹಳೆಯದಾಗಿರಲಾರದು. ಆಲೂಗಡ್ಡೆಯನ್ನು ಪೂರ್ತಿಯಾಗಿ ಕೊಯ್ಯದೆ, ಚಾಕುವನ್ನು ಅರ್ಧ ಇಳಿಸಿ ಮುರಿಯುವುದು ಇದರ ಮುಖ್ಯ ಗುಟ್ಟು: ಒರಟಾಗಿ ಮುರಿದ ಮೈಯಿಂದ ಪಿಷ್ಟ ಹೆಚ್ಚಾಗಿ ಬಿಟ್ಟುಕೊಂಡು ಸಾರು ತಾನೇ ಮಂದವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಬಿರಿಯಾನಿ ಎಲೆಯೊಡನೆ ಚೊರಿಸೊ, ಅಂದರೆ ಹಂದಿಮಾಂಸವನ್ನು ಕೊಚ್ಚಿ ಬೆಳ್ಳುಳ್ಳಿ ಮತ್ತು ಕೆಂಪು ಮೆಣಸಿನ ಪುಡಿ ಬೆರೆಸಿ ಕರುಳಿನಲ್ಲಿ ತುಂಬಿ ಒಣಗಿಸಿದ ಸಾಸೇಜು, ಇದರೊಳಗೆ ಬೇಯುತ್ತದೆ. ಬಣ್ಣ ಮತ್ತು ಮಂದ ಸಿಹಿ ಬರುವುದು ಚೊರಿಸೆರೊ ಎಂಬ ಒಣಮೆಣಸಿನಕಾಯಿಯಿಂದ. ಅದನ್ನು ನೀರಿನಲ್ಲಿ ನೆನೆಸಿ ಸಿಪ್ಪೆಯೊಳಗಿನ ತಿರುಳನ್ನು ಮಾತ್ರ ಕೆರೆದು ಹಾಕುತ್ತಾರೆ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯನ್ನು ಬಲ್ಲವರಿಗೆ ಇದರ ಸ್ವಭಾವ ಸುಲಭವಾಗಿ ಅರ್ಥವಾದೀತು, ಚೊರಿಸೆರೊದಲ್ಲಿ ಖಾರ ಇನ್ನೂ ಕಡಿಮೆ ಅಷ್ಟೆ.

ಖಾರ ಕಡಿಮೆ ಎಂಬುದು ವೈನಿನ ದೃಷ್ಟಿಯಿಂದ ನಿರ್ಣಾಯಕ. ಮದ್ಯಸಾರ ನಾಲಿಗೆಯ ಮೇಲೆ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ, ಟ್ಯಾನಿನ್ ಅದನ್ನು ಇನ್ನಷ್ಟು ಒರಟಾಗಿಸುತ್ತದೆ. ಚೊರಿಸೊದ ಕೊಬ್ಬು, ಆಲೂಗಡ್ಡೆಯ ಮೆತ್ತನೆಯ ಗುಣ ಮತ್ತು ಸಿಹಿ ಮೆಣಸು ಸೇರಿದ ಈ ಸಾರಿಗೆ ಹಣ್ಣಿನ ರುಚಿಯ, ಒಗರು ಕಡಿಮೆಯ ಎಳೆಯ ವೈನೇ ಚೆನ್ನಾಗಿ ಒಗ್ಗುತ್ತದೆ. ಅಂಗಿಯಾನೊ ಹಳ್ಳಿಯ ಕೆಂಪು ಕಪರೋನ್ ಕಾಳನ್ನು ಚೊರಿಸೊ ಮತ್ತು ಹಂದಿ ಕೊಬ್ಬಿನೊಡನೆ ಬೇಯಿಸಿದ ಅಡುಗೆಗೂ ಈ ಮಾತು ಅನ್ವಯಿಸುತ್ತದೆ. ತೋಟದಲ್ಲಿ ದುಡಿಯುವವರು ಈ ಸಾರನ್ನು ಉಣ್ಣುತ್ತ ಕುಡಿಯುತ್ತಿದ್ದದ್ದು ಬೆಳೆಗಾರನ ಲಗಾರಿನ ವೈನನ್ನೇ. ಪೀಪಾಯಿಯಲ್ಲಿ ಮಾಗಿದ್ದು ರೈಲು ಹತ್ತಿ ಹೋಗುತ್ತಿತ್ತು.

ಮೀನಿನ ವಿಷಯದಲ್ಲಿ ರಿಯೋಹದ ಅಡುಗೆಮನೆ ಇನ್ನೂ ಧೈರ್ಯಶಾಲಿ. ಕ್ಯಾಥೊಲಿಕ್ ಪದ್ಧತಿಯಲ್ಲಿ ಶುಕ್ರವಾರಗಳಲ್ಲೂ ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲೂ ಮಾಂಸ ವರ್ಜ್ಯವಾದ್ದರಿಂದ, ಸಮುದ್ರದಿಂದ ದೂರದ ಈ ಕಣಿವೆಗೆ ಉಪ್ಪು ಹಾಕಿ ಒಣಗಿಸಿದ ಬಕಲಾವೊ ಮೀನು ಉತ್ತರದ ಬಂದರುಗಳಿಂದ ಬರುತ್ತಿತ್ತು. ಅದನ್ನು ನೀರು ಬದಲಿಸುತ್ತ ನೆನೆಸಿ ಉಪ್ಪು ಇಳಿಸಿ, ಟೊಮೆಟೊ, ಈರುಳ್ಳಿ ಮತ್ತು ಸುಟ್ಟು ಸಿಪ್ಪೆ ಸುಲಿದ ಕೆಂಪು ದೊಣ್ಣೆ ಮೆಣಸಿನಕಾಯಿಯ ಗೊಜ್ಜಿನಲ್ಲಿ ಬೇಯಿಸಿ, ಕೆಂಪು ವೈನಿನೊಡನೆಯೇ ಉಣ್ಣುತ್ತಾರೆ. ಮೀನಿಗೆ ಬಿಳಿ ವೈನು ಎಂಬ ಸೂತ್ರಕ್ಕೆ ಇದು ವಿರುದ್ಧವಾದರೂ ರುಚಿಗೆ ವಿರುದ್ಧವಲ್ಲ. ಕೆಂಪು ವೈನಿನ ಕಬ್ಬಿಣದ ಅಂಶ ಮೀನೆಣ್ಣೆಯೊಡನೆ ಸೇರಿದಾಗ ಬಾಯಲ್ಲಿ ಕೌಲು ವಾಸನೆ ಉಳಿಯುವುದು ನಿಜ. ಆದರೆ ಬಕಲಾವೊ ಎಣ್ಣೆ ಬಹಳ ಕಡಿಮೆಯಿರುವ ಮೀನು, ಅದರ ಮೇಲಿರುವುದೋ ಹುಳಿಸಿಹಿಯ ಗೊಜ್ಜು.

ದ್ರಾಕ್ಷಿ ತೋಟಕ್ಕೂ ಊಟಕ್ಕೂ ನೇರ ಸಂಬಂಧ ಕಾಣುವುದು ಕುರಿಮರಿಯ ಪಕ್ಕೆಮಾಂಸದಲ್ಲಿ. ಕಣಿವೆಯ ದಕ್ಷಿಣದ ಕಾಮೆರೋಸ್ ಬೆಟ್ಟಗಳು ಶತಮಾನಗಳ ಕಾಲ ಉಣ್ಣೆಗೆ ಹೆಸರಾಗಿದ್ದವು; ಕುರುಬರು ಚಳಿಗಾಲದಲ್ಲಿ ಮಂದೆಗಳನ್ನು ಎಕ್ಸ್‌ತ್ರೆಮದೂರಾದ ಹುಲ್ಲುಗಾವಲುಗಳಿಗೆ ಹೊಡೆದುಕೊಂಡು ಹೋಗಿ ಬೇಸಗೆಗೆ ಮರಳುತ್ತಿದ್ದರು. ಇತ್ತ ತೋಟಗಳಲ್ಲಿ ಚಳಿಗಾಲದ ಚಾಟನಿಯಲ್ಲಿ ಕತ್ತರಿಸಿದ ಕಡ್ಡಿಗಳನ್ನು ಕಟ್ಟು ಕಟ್ಟಿ ಒಣಗಿಸಿಡುತ್ತಿದ್ದರು. ಸರ್ಮಿಯೆಂತೊ ಎಂದು ಕರೆಯುವ ಈ ಕಡ್ಡಿ ಭಗ್ಗನೆ ಹೊತ್ತಿ, ಕೆಲವೇ ನಿಮಿಷಗಳಲ್ಲಿ ಕೆಂಡವಾಗಿ, ಅಷ್ಟೇ ಬೇಗ ಬೂದಿಯಾಗುತ್ತದೆ. ದಪ್ಪ ಮಾಂಸ ಬೇಯಿಸಲು ಅದು ಸಾಲದು. ಹಾಲು ಕುಡಿಯುವ ಮರಿಯ ತೆಳು ಪಕ್ಕೆತುಂಡುಗಳಿಗೆ ಮಾತ್ರ ಆ ಹದ ಸರಿಹೋಗುತ್ತದೆ. ಉಪ್ಪೊಂದನ್ನೇ ಉದುರಿಸಿ ಸುಟ್ಟ ಈ ಮಾಂಸಕ್ಕೆ ಮಾತ್ರ, ಉಳಿದ ಅಡುಗೆಗಳಂತಲ್ಲದೆ, ಪೀಪಾಯಿಯ ವೈನು ನಿಜವಾದ ಜೊತೆಗಾರ. ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುವ ಬದಲು ಮಾಂಸದ ಪ್ರೋಟೀನು ಮತ್ತು ಕೊಬ್ಬಿನೊಡನೆ ಸೇರುವುದರಿಂದ ಒಗರು ಮೃದುವಾಗಿ ತೋರುತ್ತದೆ, ಕೆಂಡದ ಹೊಗೆಗೂ ಸುಟ್ಟ ಓಕಿನ ಪರಿಮಳಕ್ಕೂ ಸಾಮ್ಯವಿರುತ್ತದೆ. ದಕ್ಷಿಣಕ್ಕೆ ಹೋದರೆ ರಿಬೇರಾ ದೆಲ್ ದ್ವೆರೊ ಸೀಮೆಯ ಅರಾಂದಾ ಪಟ್ಟಣದಲ್ಲಿ ಮರಿಯ ಮಾಂಸವನ್ನು ಮಣ್ಣಿನ ಪಾತ್ರೆಯಲ್ಲಿಟ್ಟು ಕಟ್ಟಿಗೆಯ ಗೂಡೊಲೆಯಲ್ಲಿ ಬೇಯಿಸುತ್ತಾರೆ. ಅಲ್ಲಿನ ದ್ರಾಕ್ಷಿಯೂ ತೆಂಪ್ರಾನಿಯೊವೇ, ಆದರೆ ಎತ್ತರದ ಬಯಲಿನ ಹಗಲು ಬಿಸಿಲು, ರಾತ್ರಿ ಚಳಿಗೆ ಸಿಕ್ಕಿ ವೈನು ಹೆಚ್ಚು ಕಪ್ಪು, ಹೆಚ್ಚು ಬಿಗಿ.

ಇಪ್ಪತ್ತನೆಯ ಶತಮಾನ ಪೀಪಾಯಿಯ ಮತ್ತು ಒಲೆಯ ಈ ಎರಡು ದಾರಿಗಳನ್ನು ಒಂದುಗೂಡಿಸಿತು, ಅದೂ ಬಹುಪಾಲು ಕಾನೂನು ಮತ್ತು ಚೀಟಿಗಳ ಮೂಲಕ. 1925ರಲ್ಲಿ ರಿಯೋಹದ ಹೆಸರಿಗೆ ರಕ್ಷಣೆ ದೊರೆತು, ಮರುವರ್ಷ ನಿಯಂತ್ರಣ ಮಂಡಳಿ ಹುಟ್ಟಿತು. 1991ರಲ್ಲಿ ಸ್ಪೇನಿನಲ್ಲೇ ಮೊದಲನೆಯದಾಗಿ ಇದಕ್ಕೆ ಅರ್ಹತೆಯ ಉನ್ನತ ದರ್ಜೆ ಸಿಕ್ಕಿತು. ಮಾಗಿಸಿದ ಅವಧಿಯನ್ನು ಸೀಸೆಯ ಹಿಂಚೀಟಿಯಲ್ಲಿ ಘೋಷಿಸುವ ಪದ್ಧತಿ ಗ್ರಾಹಕನಿಗೆ ಒಂದು ಸುಲಭ ಏಣಿಯನ್ನು ಒದಗಿಸಿತು: ಎರಡು ವರ್ಷ ತುಂಬಿ ಅದರಲ್ಲಿ ಒಂದು ವರ್ಷವಾದರೂ ಪೀಪಾಯಿಯಲ್ಲಿದ್ದ ಕೆಂಪು ವೈನು ಕ್ರಿಯಾನ್ಸಾ, ಮೂರು ವರ್ಷದ್ದು ರೆಸೆರ್ವಾ, ಪೀಪಾಯಿಯಲ್ಲೇ ಎರಡು ವರ್ಷ ಕಳೆದು ಒಟ್ಟು ಐದು ವರ್ಷ ಮಾಗಿದ್ದು ಗ್ರಾನ್ ರೆಸೆರ್ವಾ. ಏಣಿಯ ಮೇಲುತುದಿಯೇ ಶ್ರೇಷ್ಠವೆಂಬ ಅಭಿಪ್ರಾಯವೂ ಅದರೊಡನೆಯೇ ಬೆಳೆದು, ಹಳ್ಳಿಯ ಊಟವನ್ನು ಬಡಿಸುವಾಗಲೂ ಅತಿ ಹಳೆಯ ಸೀಸೆಯನ್ನು ತೆರೆಯುವುದು ಮರ್ಯಾದೆಯ ಲಕ್ಷಣವಾಯಿತು. ಕೂನೆ ಕಂಪನಿಯ ಶತಮಾನೋತ್ಸವಕ್ಕೆ 1979ರಲ್ಲಿ ಅಡುಗೆ ಮಾಡಲು ಬಂದಿದ್ದ ಫ್ರಾನ್ಸಿನ ಪ್ರಸಿದ್ಧ ಬಾಣಸಿಗ ಪೋಲ್ ಬೊಕ್ಯೂಸ್, ಸ್ಥಳೀಯರ ಆಲೂಗಡ್ಡೆ ಸಾರನ್ನು ರುಚಿನೋಡಿ ಇಂಥದ್ದಿರುವಾಗ ತನ್ನನ್ನೇಕೆ ಕರೆಸಿದಿರಿ ಎಂದನೆಂಬ ಕಥೆಯನ್ನು ಆರೊದಲ್ಲಿ ಹೇಳುತ್ತಾರೆ. ಕಥೆ ಎಷ್ಟರಮಟ್ಟಿಗೆ ಬೆಳೆದಿದೆಯೋ ಏನೋ, ಕೂಲಿಯವರ ಊಟ ಕಂಪನಿಯ ಔತಣದ ಮೇಜಿಗೆ ಏರಿದ್ದಕ್ಕೆ ಅದು ಸಾಕ್ಷಿಯಂತೂ ಹೌದು.

ಲಗಾರಿನ ವೈನು ಅಳಿದುಹೋಗಲಿಲ್ಲ. ರಿಯೋಹ ಅಲವೇಸಾದ ಸಣ್ಣ ಬೆಳೆಗಾರರು ಇಂದಿಗೂ ಇಡೀ ಗೊಂಚಲುಗಳನ್ನು ಹುದುಗಿಸಿ ಕೊಸೆಚೆರೊ ವೈನನ್ನು ತಯಾರಿಸುತ್ತಾರೆ, ಸುಗ್ಗಿಯ ಮರುವರ್ಷವೇ ಅದು ಖರ್ಚಾಗುತ್ತದೆ. ಬಹುಕಾಲ ಮಾಗಿಸಿದ ಅವಧಿಯನ್ನೇ ಅಳತೆಗೋಲಾಗಿಟ್ಟುಕೊಂಡಿದ್ದ ನಿಯಂತ್ರಣ ಮಂಡಳಿ 2017ರಲ್ಲಿ ವಿಶಿಷ್ಟ ತೋಟ ಎಂಬ ಹೊಸ ವರ್ಗವನ್ನು ಒಪ್ಪಿಕೊಂಡು, ಒಂದು ಸೀಸೆಯ ಹಿರಿಮೆಯನ್ನು ಅದು ಬಂದ ನೆಲದಿಂದಲೂ ಅಳೆಯಬಹುದೆಂದು ಸಾರಿತು. ಲೊಗ್ರೊನ್ಯೊದ ಲೌರೆಲ್ ಬೀದಿಯಲ್ಲಿ ಒಂದೊಂದು ಹೋಟೆಲು ಒಂದೊಂದು ತಿಂಡಿಗೆ ಹೆಸರಾಗಿದ್ದು, ಬೆಳ್ಳುಳ್ಳಿ ಎಣ್ಣೆಯಲ್ಲಿ ಹುರಿದು ಸೀಗಡಿಯೊಡನೆ ರೊಟ್ಟಿಯ ತುಂಡಿಗೆ ಚುಚ್ಚಿ ಕೊಡುವ ಅಣಬೆಯೂ ಅವುಗಳಲ್ಲಿ ಒಂದು. ಅಲ್ಲಿನ ಗಲ್ಲೆಯ ಮುಂದೆ ನಿಂತು ಕೆಂಪು ವೈನು ಕೇಳಿದವನಿಗೆ ಮೊದಲು ಎದುರಾಗುವ ಪ್ರಶ್ನೆ ಆ ವರ್ಷದ ಎಳೆಯದೋ, ಕ್ರಿಯಾನ್ಸಾವೋ ಎಂಬುದು. ಅಣಬೆಯ ಜೊತೆಗೆ ಎರಡನ್ನೂ ಕುಡಿಯುವವರಿದ್ದಾರೆ, ಬೆಲೆಯ ಅಂತರವೂ ಅಷ್ಟೇನೂ ದೊಡ್ಡದಲ್ಲ.